ಇಂಗ್ಲಿಷ್ ಬಾರದ ಜಪಾನಿ ಕಾರು

1993ರ ಅಕ್ಟೋಬರ್ 9, ಶನಿವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಸಾಂತಾಕ್ರೂಜಿನ ಒಂದು ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನಿಂತಿದ್ದ ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ನಾನು ಅದರ ಟಿ.ವಿ.ಯಂಥ ಪರದೆಯನ್ನು ಮೊದಲ ಸಲ ಮುಟ್ಟಿದ್ದು ಆಗ. ಡೈರಿಯಲ್ಲಿ ಸಮಯದ ಪಕ್ಕದಲ್ಲೇ "ಒಳಗೆ ಬಿಸಿ, ಕೂರಲಾಗದು" ಎಂದು ಬರೆದಿದ್ದೇನೆ. ಅಕ್ಟೋಬರಿನ ಮುಂಬಯಿ ಹೊರಗೂ ತಂಪಾಗಿರುವುದಿಲ್ಲ. ಆದರೆ ಆ ಕಾರಿನೊಳಗೆ ಏರ್ ಕಂಡಿಷನರ್ ಚಾಲೂ ಇದ್ದೂ ಬೆಂಕಿಯಂಥ ಗಾಳಿ ಬರುತ್ತಿತ್ತು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ವಡಾಲದ ನಮ್ಮ ಕಾಲೊನಿಯಲ್ಲೇ ಕೆಳಮಹಡಿಯ ಒಂಟಿ ಕೋಣೆಯ ಖೋಲಿಯಲ್ಲಿದ್ದ ಡ್ರೈವರ್ ಅಂಕಲ್. ಉಡುಪಿ ಕಡೆಯವರು. ಸಾಂತಾಕ್ರೂಜ್ ಸ್ಟೇಷನ್ನಿನ ಬಳಿ ಒಂದು, ಗ್ರಾಂಟ್ ರೋಡಿನಲ್ಲಿ ಒಂದು ಹೋಟೆಲು ಇಟ್ಟುಕೊಂಡಿದ್ದ ಧಣಿಯೊಬ್ಬರ ಕಾರನ್ನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದರು. ನಾನಾಗ ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾ ಮುಗಿಸಿ ಕೆಲಸದ ಕಾಗದಕ್ಕೆ ಕಾಯುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ನನ್ನ ಅಮ್ಮನನ್ನು ಕೇಳಿದ ರೀತಿಯೂ ಡೈರಿಯಲ್ಲಿದೆ.

"ಅಮ್ಮಾ, ನಿಮ್ಮ ಹುಡುಗಿಯನ್ನು ಎರಡು ಗಂಟೆಯ ಮಟ್ಟಿಗೆ ಕಳಿಸಿ. ಮಿಶಿನಿನ ಡಾಕ್ಟ್ರು ಬೇಕಾಗಿತ್ತು."

"ಡಾಕ್ಟ್ರಾ? ಮೊನ್ನೆ ನಮ್ಮನೆ ಮಿಕ್ಸಿ ಬಿಚ್ಚಿ ಇನ್ನೂ ಜೋಡಿಸಿಲ್ಲ ಇವಳು," ಎಂದರು ಅಮ್ಮ. "ಕರ್ಕೊಂಡ್ ಹೋಗಿ. ನಿಮ್ಮ ಧಣಿಗಳ ಕಾರು, ನಿಮ್ಮ ಹಣೆಬರಹ."

ಕಾರು ಬಂದದ್ದು ಹೀಗೆ. ಯಾವುದೋ ಕಾರ್ಖಾನೆಯ ಕೆಲಸಕ್ಕೆಂದು ಬಂದಿದ್ದ ಜಪಾನಿನ ಇಂಜಿನಿಯರೊಬ್ಬರು ಪ್ರತಿ ಭಾನುವಾರ ಧಣಿಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದರು. ಊರಿಗೆ ಮರಳುವಾಗ, ತಾವು ಜೊತೆಯಲ್ಲಿ ತಂದಿದ್ದ ಕಾರನ್ನು ಧಣಿಗೆ ಮಾರಿದರು. ಜಪಾನಿನಲ್ಲೂ ಸ್ಟಿಯರಿಂಗ್ ಬಲಗಡೆಗೇ ಇರುವುದರಿಂದ ಓಡಿಸಲು ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ನಡುವಿನ ಪರದೆಯಲ್ಲಿ. ಅಂಗೈ ಅಗಲದ ಆ ಟಿ.ವಿ.ಯಲ್ಲಿ ದಾರಿ ತೋರಿಸುವ ನಕ್ಷೆ, ರೇಡಿಯೋ, ಏರ್ ಕಂಡಿಷನರ್ ಎಲ್ಲವೂ ಇದ್ದವು. ತಿರುಗಿಸಲು ಒಂದು ಗುಬುಟೂ ಇಲ್ಲ, ಎಲ್ಲವನ್ನೂ ಪರದೆಯ ಮೇಲೆ ಬೆರಳಿಟ್ಟೇ ಮಾಡಬೇಕು. ಅಂಕಿಗಳನ್ನು ಬಿಟ್ಟರೆ ಮಿಕ್ಕ ಅಕ್ಷರವೆಲ್ಲ ಜಪಾನಿ. ಕೀಲಿ ತಿರುಗಿಸಿದೊಡನೆ ಒಳಗಿನಿಂದ ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಏನೋ ಹೇಳುತ್ತಿದ್ದಳು. ಅಂಕಲ್ ಪ್ರತಿ ಸಲವೂ "ಆಯ್ತು ಅಕ್ಕ" ಎನ್ನುತ್ತಿದ್ದರು.

ನಕ್ಷೆ ಇದ್ದದ್ದು ಜಪಾನಿನದು ಮಾತ್ರ. ನಾವು ಸಾಂತಾಕ್ರೂಜಿನಲ್ಲಿದ್ದರೂ ಪರದೆಯ ಮೇಲೆ ಬರಿಯ ನೀಲಿ, ಅದರ ನಡುವೆ ಒಂದು ಬಾಣ. ಆ ಹೆಂಗಸಿನ ಲೆಕ್ಕದಲ್ಲಿ ಕಾರು ಸಮುದ್ರದಲ್ಲಿತ್ತು.

"ಧಣಿಗಳು ಎಂತ ಹೇಳಿದ್ದಾರೆ ಗೊತ್ತುಂಟಾ?" ಎಂದು ಅಂಕಲ್ ಬೆವರು ಒರೆಸಿಕೊಳ್ಳುತ್ತ ಹೇಳಿದರು. "ಇದು ಚಳಿ ದೇಶದ ಗಾಡಿ, ಅದಕ್ಕೇ ಬಿಸಿ ಗಾಳಿ ಬಿಡ್ತದೆ, ಭಾಷೆ ಇಂಗ್ಲಿಷಿಗೆ ತಿರುಗಿಸಿದ್ರೆ ಸರಿಯಾಗ್ತದೆ ಅಂತ. ನಾಳೆಯದ್ದಲ್ಲ, ಮುಂದಿನ ಆದಿತ್ಯವಾರ ಅವರು ತಾಯಿಯನ್ನು ಕರ್ಕೊಂಡು ಪುಣೆಗೆ ಹೋಗ್ಲಿಕ್ಕುಂಟು. ಅಷ್ಟರೊಳಗೆ ಇಂಗ್ಲಿಷ್ ಆಗದಿದ್ರೆ ಏರ್‌ಪೋರ್ಟ್ ಹತ್ರದ ಒಬ್ಬ ಡ್ರೈವರ್ ಬರ್ತಾನಂತೆ, ಫಾರಿನ್ ಗಾಡಿ ಓಡಿಸಿ ಅಭ್ಯಾಸ ಇರುವವ."

"ಮತ್ತೆ ನೀವು?"

"ನಾನು ಗ್ರಾಂಟ್ ರೋಡ್ ಹೋಟೆಲಿನ ಕೌಂಟರಿನಲ್ಲಿ ಕೂತು ಟೋಕನ್ ಕೊಡುವುದು." ಸ್ಟಿಯರಿಂಗನ್ನು ಸವರಿ ಮತ್ತೆ ಅಂದರು, "ಟೋಕನ್! ಇಡ್ಲಿಗೆ ಹಳದಿ, ದೋಸೆಗೆ ಕೆಂಪು. ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದ ಕೈಯಲ್ಲಿ!"

ನಾನು ಪುಸ್ತಕ ತೆಗೆದೆ. ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಏನನ್ನು ಮುಟ್ಟಿದೆ, ಏನಾಯಿತು ಎಂದು ಸಾಲಾಗಿ ಬರೆಯುತ್ತ ಹೋದೆ. ಆ ದಿನ ಒಟ್ಟು 64 ಸಲ ಮುಟ್ಟಿದೆ. ಉಷ್ಣತೆಯ ಅಂಕಿ 32ರಲ್ಲಿತ್ತು. ಇಳಿಸುವ ಬಾಣವನ್ನು ಮುಟ್ಟಿದರೆ 31ಕ್ಕೆ ಇಳಿದು, ಕೈ ತೆಗೆಯುವಷ್ಟರಲ್ಲಿ ತಾನಾಗಿ 32ಕ್ಕೆ ಏರುತ್ತಿತ್ತು. ರೇಡಿಯೋ ಪುಟಕ್ಕೆ ಹೋದರೆ ಅಲ್ಲಿಯೂ ನಾನು ಕೇಳದ ಸ್ಟೇಷನ್ನೊಂದು ತಾನೇ ಬಂದು ಕೂರುತ್ತಿತ್ತು. 64ರಲ್ಲಿ 51 ಸಲ ನಾನು ಮುಟ್ಟಿದ್ದೇ ಬೇರೆ, ಆದದ್ದೇ ಬೇರೆ.

ಮರುದಿನ ಭಾನುವಾರ ಗ್ರಾಫ್ ಕಾಗದ ತೆಗೆದುಕೊಂಡು ಹೋದೆ. ಪರದೆಯಷ್ಟೇ ದೊಡ್ಡ ಚೌಕ ಬರೆದು, ನಾನು ಮುಟ್ಟಿದ ಕಡೆ ನೀಲಿ ಚುಕ್ಕೆ, ಯಂತ್ರ ಮುಟ್ಟಿಸಿಕೊಂಡೆ ಎಂದುಕೊಂಡ ಕಡೆ ಕೆಂಪು ಚುಕ್ಕೆ ಇಟ್ಟೆ. ನೀಲಿ ಚುಕ್ಕೆಗಳು ಎಲ್ಲೆಡೆ ಹರಡಿಕೊಂಡವು. ಕೆಂಪು ಚುಕ್ಕೆಗಳೆಲ್ಲ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬಿದ್ದು ಕಾಗದ ಹರಿಯುವಂತಾಯಿತು. ಉಷ್ಣತೆ ಏರಿಸುವ ಬಾಣ ಇದ್ದದ್ದೂ ಅಲ್ಲಿಯೇ. ಕಾಣದ ಯಾರೋ ಒಬ್ಬರು ಮೊನ್ನೆಯಿಂದ ಅಲ್ಲೇ ಬೆರಳಿಟ್ಟು ಕೂತ ಹಾಗಿತ್ತು.

ಆ ಜಾಗದಿಂದ ನೇರ ಮೇಲಕ್ಕೆ ಕಣ್ಣು ಹಾಯಿಸಿದೆ. ಪರದೆಯ ಕಪ್ಪು ಚೌಕಟ್ಟಿನ ಮೇಲಂಚಿನಲ್ಲಿ ಅರಿಸಿನ ಕುಂಕುಮದ ಒಂದು ದಪ್ಪ ಬೊಟ್ಟು. ನೇರ ಎಡಕ್ಕೆ ನೋಡಿದರೆ ಅಲ್ಲೊಂದು ಬೊಟ್ಟು, ಬಲಕ್ಕೆ ಅದರ ಜೋಡಿ. ಬಾಗಿಲ ಚೌಕಟ್ಟಿಗೆ ಇಡುತ್ತೇವಲ್ಲ, ಥೇಟ್ ಹಾಗೆ.

ಕಾರು ಬಂದ ಗುರುವಾರ, ಪೂಜೆಯಾಗದೆ ಯಾರೂ ಒಳಗೆ ಕೂರಬಾರದೆಂದು ಧಣಿಯ ತಾಯಿ ಅಪ್ಪಣೆ ಮಾಡಿದ್ದರಂತೆ. ಹೀಗಾಗಿ ಬೊಟ್ಟುಗಳಿಲ್ಲದ ಪರದೆಯನ್ನು ಧಣಿಯ ಮನೆಯವರು ಯಾರೂ ಮುಟ್ಟಿಯೇ ಇರಲಿಲ್ಲ. ನಾನು ಟಾರ್ಚ್ ಹಾಕಿ ಚೌಕಟ್ಟನ್ನು ನೋಡಿದೆ. ಒಳಂಚಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಚಿಕ್ಕ ಗಾಜಿನ ಕಣ್ಣುಗಳು. ಕಾಲೇಜಿನ ಲ್ಯಾಬಿನಲ್ಲಿ ಬಾಟಲಿ ಎಣಿಸುವ ಯಂತ್ರವೊಂದಿತ್ತು: ಈ ಕಡೆಯಿಂದ ಬೆಳಕು ಹೊರಟು ಆ ಕಡೆ ತಲುಪುತ್ತದೆ, ನಡುವೆ ಬಾಟಲಿ ಬಂದರೆ ಬೆಳಕು ಕಡಿದು ಒಂದು ಎಂದು ಲೆಕ್ಕ. ಇಲ್ಲಿಯೂ ಅದೇ. ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಹಾಯುತ್ತವೆ. ಬೆರಳಿಟ್ಟರೆ ಒಂದು ಉದ್ದಗೆರೆ, ಒಂದು ಅಡ್ಡಗೆರೆ ಕಡಿಯುತ್ತವೆ. ಕುಂಕುಮ ಮೆತ್ತಿದ ಕಣ್ಣುಗಳೂ ಅದನ್ನೇ ಮಾಡಿದ್ದವು.

ಒರೆಸೋಣ ಎಂದೆ. ಅಂಕಲ್ ಕೈ ಹಿಂದಕ್ಕೆ ಕಟ್ಟಿಕೊಂಡರು. "ಅಮ್ಮ ಪೂಜೆ ಮಾಡಿ ಇಟ್ಟದ್ದು ಮಾರಾಯ್ತಿ. ನಾನು ಒರೆಸಿ, ನಾಳೆ ಗಾಡಿ ಎಲ್ಲಾದರೂ ತಾಗಿದ್ರೆ?"

ಧಣಿಯ ತಾಯಿಯನ್ನೇ ಮಹಡಿಯಿಂದ ಕೆಳಗೆ ಕರೆದರು. ಎಪ್ಪತ್ತು ದಾಟಿದ, ಗಟ್ಟಿ ದನಿಯ ಅಜ್ಜಿ. ಕಾರಿನ ಬಾಗಿಲು ಹಿಡಿದು ಬಗ್ಗಿ ನೋಡಿದರು.

"ಕಪಾಟಿಗೆ ಇಡ್ತೇನೆ, ಗಲ್ಲಾಕ್ಕೆ ಇಡ್ತೇನೆ, ಗ್ರೈಂಡರಿಗೆ ಇಡ್ತೇನೆ. ಯಾವುದೂ ಹೀಗೆ ಮಾಡ್ಲಿಲ್ಲ. ಇದಕ್ಕೆ ಮಾತ್ರ ಎಂತ ಆದದ್ದು?"

"ಅದು ಯಾರೋ ಬೆರಳಿಟ್ಟಿದ್ದಾರೆ ಅಂದ್ಕೊಂಡಿದೆ ಅಜ್ಜಿ," ಎಂದೆ.

"ಮತ್ತೆ? ಬೆರಳಲ್ಲೇ ಅಲ್ವಾ ನಾನು ಇಟ್ಟದ್ದು? ಸರಿಯಾಗೇ ತಿಳ್ಕೊಂಡಿದೆ." ಕಣ್ಣುಮುಚ್ಚಿ ಏನೋ ಹೇಳಿಕೊಂಡು, ಸೆರಗಿನ ತುದಿ ಒದ್ದೆ ಮಾಡಿ ಮೂರು ಬೊಟ್ಟನ್ನೂ ತಾವೇ ಒರೆಸಿದರು. ಬಳಿಕ ಬೆರಳಿಗೆ ಉಳಿದ ಕುಂಕುಮವನ್ನು ಸ್ಟಿಯರಿಂಗಿನ ನಡುವೆ ಇಡಲು ಹೋದರು. "ಇಲ್ಲಿ ಇಟ್ರೆ ಗಲಾಟೆ ಇಲ್ಲ ಅಲ್ವಾ?"

"ಅಮ್ಮಾ, ಅದು ಹಾರ್ನು..."

ಹಾರ್ನ್ ಹೊಡೆದದ್ದು 11 ಗಂಟೆ 35 ನಿಮಿಷಕ್ಕೆ. 11 ಗಂಟೆ 37ಕ್ಕೆ ಉಷ್ಣತೆಯ ಅಂಕಿ 24ರಲ್ಲಿ ನಿಂತಿತು. ತಣ್ಣನೆ ಗಾಳಿ ಬಂತು. ಅಂಕಲ್ ಎರಡೂ ಅಂಗೈಗಳನ್ನು ಗಾಳಿಗೆ ಒಡ್ಡಿ ನಕ್ಕರು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಧಣಿ ಹೋಟೆಲಿನಿಂದ ಊಟಕ್ಕೆ ಬಂದವರು ಕಾರಿನಲ್ಲಿ ಐದು ನಿಮಿಷ ಕುಳಿತು, "ತಂಪಾಯ್ತು, ಒಳ್ಳೇದಾಯ್ತು. ಇನ್ನು ಇಂಗ್ಲಿಷ್," ಎಂದರು.

"ಧಣಿ, ಇನ್ನು ಎಂತಕ್ಕೆ ಇಂಗ್ಲಿಷ್?"

"ಎಂತಕ್ಕೆ ಅಂದ್ರೆ? ಘಾಟಿಯಲ್ಲಿ ಹೋಗುವಾಗ ಈ ಹೆಂಗಸು ಬ್ರೇಕ್ ಹೋಗಿದೆ ಅಂತ ಹೇಳಿದ್ರೆ ನೀನು ಆಯ್ತು ಅಕ್ಕ ಅಂತ ಹೇಳಿ ಓಡಿಸ್ತೀಯಾ? ಗಾಡಿ ಎಂತ ಹೇಳ್ತದೆಂದು ತಿಳಿಯದವನ ಕೈಯಲ್ಲಿ ನಾನು ತಾಯಿಯನ್ನು ಕೂರಿಸುವುದಿಲ್ಲ. ಮುಂದಿನ ಆದಿತ್ಯವಾರದವರೆಗೆ ಟೈಮ್ ಉಂಟು."

ಅವರ ಮಾತಿನಲ್ಲಿ ನ್ಯಾಯವಿತ್ತು. ಅದನ್ನೂ ಬರೆದುಕೊಂಡೆ.

ಸೋಮವಾರ ಪರದೆಯ ಪ್ರತಿ ಪುಟವನ್ನೂ ಡೈರಿಗೆ ಇಳಿಸಿದೆ. ಒಟ್ಟು ಆರು ಪುಟ, ನಲವತ್ತೊಂದು ಗುಂಡಿ. ಪ್ರತಿಯೊಂದರ ಅಕ್ಷರವನ್ನು ಕಂಡಂತೆ ಚಿತ್ರ ಬರೆದು, ಒತ್ತಿ, ಆದದ್ದನ್ನು ಎದುರಿಗೆ ಬರೆದೆ. ನಲವತ್ತು ಗುಂಡಿ ಒತ್ತಿದೆ. ಇಂಗ್ಲಿಷ್ ಎಲ್ಲಿಯೂ ಬರಲಿಲ್ಲ. ನಲವತ್ತೊಂದನೆಯದು ಕೊನೆಯ ಪುಟದ ಕೆಳಮೂಲೆಯಲ್ಲಿತ್ತು. ಅದನ್ನು ಒತ್ತಿದೊಡನೆ ಕೆಂಪು ತ್ರಿಕೋನ ಮೂಡಿ, ಹೆಂಗಸು ಉದ್ದವಾಗಿ ಏನೋ ಕೇಳಿ, ಎರಡು ಅಕ್ಷರಗಳು ಉತ್ತರಕ್ಕೆ ಕಾದು ನಿಂತವು. ಎಲ್ಲವೂ ಅಳಿಸಿಹೋದರೆ ಎಂಬ ಭಯದಿಂದ ಹಿಂದಕ್ಕೆ ಬಂದೆ.

ಮಂಗಳವಾರ ಕಾರನ್ನು ಗ್ರಾಂಟ್ ರೋಡಿಗೆ ಒಯ್ದೆವು. ಸ್ಟೇಷನ್ನಿನ ಆ ಕಡೆಯ ರೇಡಿಯೋ ಸಾಮಾನಿನ ಗಲ್ಲಿಯಲ್ಲಿ, ಹೊರದೇಶದ ಟಿ.ವಿ., ವಿ.ಸಿ.ಆರ್. ರಿಪೇರಿ ಮಾಡುವ ಒಬ್ಬ ಹಿರಿಯರಿದ್ದರು. ಪರದೆಯ ಸುತ್ತ ಕೈಯಾಡಿಸಿ, ಡಿಕ್ಕಿಯಲ್ಲಿದ್ದ, ನಕ್ಷೆ ತುಂಬಿದ ಡಿಸ್ಕಿನ ಪೆಟ್ಟಿಗೆ ತೆಗೆದು ನೋಡಿ, ನನ್ನ ಡೈರಿಯ ಪುಟಗಳನ್ನೂ ತಿರುವಿದರು.

"ಬೇಟಿ, ಯೇ ಜಪಾನ್ ಕೆ ಲಿಯೇ ಬನಾ ಹೈ. ಜಪಾನೀ ಹೀ ಬೋಲೇಗಾ," ಎಂದರು. ಜಪಾನಿಗೆಂದೇ ಮಾಡಿದ್ದು ಜಪಾನಿಯನ್ನೇ ಆಡುತ್ತದೆ, ಭಾಷೆ ಡಿಸ್ಕಿನಲ್ಲಿಲ್ಲ, ಒಳಗಿನ ಚಿಪ್‌ನಲ್ಲೇ ಇದೆ, ನೂರಕ್ಕೆ ತೊಂಬತ್ತೊಂಬತ್ತು ಪಾಲು ಬದಲಾಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಚಹಾ ಕುಡಿಸಿ ಕಳಿಸಿದರು.

ವಾಪಸ್ ಬರುವಾಗಲೂ ಪರದೆಯ ಮೇಲೆ ಬಾಣ ನೀಲಿ ಸಮುದ್ರದಲ್ಲಿ ತೇಲುತ್ತಿತ್ತು. ದಾದರ್ ದಾಟಿದ ಮೇಲೆ ಅಂಕಲ್ ಕನ್ನಡಿಯನ್ನು ಸರಿಪಡಿಸಿಕೊಂಡು, "ಒಂದು ವಿಷಯ ಹೇಳ್ತೇನೆ. ನಗಬಾರದು," ಎಂದರು.

"ಇಲ್ಲ ಅಂಕಲ್."

"ಇಂಗ್ಲಿಷ್ ಬಂದಿದ್ರೂ ನಂಗೆ ಎಂತ ಉಪಯೋಗ ಇರ್ಲಿಲ್ಲ. ನಂಗೆ ಇಂಗ್ಲಿಷ್ ಓದ್ಲಿಕ್ಕೆ ಬರುವುದಿಲ್ಲ."

ನಾನು ತಿರುಗಿ ನೋಡಿದೆ. "ಮತ್ತೆ ರಸ್ತೆ ಬೋರ್ಡುಗಳು?"

"ಬೋರ್ಡು ಓದಿ ಯಾರು ಗಾಡಿ ಓಡಿಸ್ತಾರೆ? ರಸ್ತೆ ನೋಡಿ ಓಡಿಸುವುದು. ಆ ಬೋರ್ಡು ಕುದುರೆ ಲಾಳದ ಹಾಗೆ ಉಂಟಾ, ಯು ಟರ್ನ್ ಇಲ್ಲ. ಈ ಪೆಟ್ರೋಲ್ ಪಂಪಿನ ಹೆಸರು ಎರಡು ಡೊಂಕು ಒಂದು ಕಂಬ, ಅಲ್ಲಿ ಎಡಕ್ಕೆ ಹೊಡೆದ್ರೆ ಮಾಹೀಮ್. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ದಾರಿ ತಪ್ಪಿದ್ದಿಲ್ಲ. ಧಣಿಗಳಿಗೆ ಇದು ಗೊತ್ತಿಲ್ಲ. ಕೇಳ್ಲಿಲ್ಲ, ಹೇಳ್ಲಿಲ್ಲ."

ಎರಡು ಸಿಗ್ನಲ್ ದಾಟಿದೆವು. ಮೂರನೆಯದರಲ್ಲಿ ಡೈರಿ ತೆಗೆದು ಮೊದಲ ಪುಟದ ಮೊದಲ ಅಕ್ಷರವನ್ನು ಅವರ ಮುಂದೆ ಹಿಡಿದೆ. "ಇದು ಗಾಳಿಯ ಗುಂಡಿ. ಏನಿದ್ದ ಹಾಗಿದೆ?"

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಮಂಟಪದೊಳಗೆ ಹುಳ ಕೂತ ಹಾಗೆ."

"ನಕ್ಷೆಯದು?"

"ಕಿಟಕಿಯ ಬಲೆಗೆ ಸಿಕ್ಕಿದ ಸೊಳ್ಳೆ."

"ಇದು ಒತ್ತಿದರೆ ಚಾಲೂ ಆಗತ್ತೆ."

"ಕಾಲು ಅಗಲಿಸಿ ನಿಂತ ಮನುಷ್ಯ. ನಿಂತವ."

"ಇದು ಒತ್ತಿದರೆ ಬಂದ್."

"ಬಲಗಡೆ ಕತ್ತಿ ಉಂಟಲ್ಲ. ಕತ್ತಿ ಅಂದ್ರೆ ಬಂದ್. ಸರಿಯೇ ಉಂಟು!" ಹಿಂದಿನ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅಂಕಲ್ ಗೇರ್ ಹಾಕಿದರು.

ಬುಧವಾರದಿಂದ ಶನಿವಾರದವರೆಗೆ ದಿನವೂ ಸಂಜೆ 5ರಿಂದ 6ರವರೆಗೆ ಪಾಠ. ವಡಾಲದಿಂದ ಅಂಧೇರಿಗೆ ಹೋಗುವ ಹಾರ್ಬರ್ ಲೋಕಲಿನಲ್ಲಿ ಹೋಗಿ ಬರುತ್ತಿದ್ದೆ. ನಾನು ಕೆಲಸ ಹೇಳಬೇಕು, ಅವರು ಗುಂಡಿ ಒತ್ತಬೇಕು. ಬುಧವಾರ ನಲವತ್ತರಲ್ಲಿ 11 ಸರಿ. ಗುರುವಾರ 23. ಶುಕ್ರವಾರ 34. ಅಜ್ಜಿ ಮಹಡಿಯ ಬಾಲ್ಕನಿಯಿಂದಲೇ, "ಎಷ್ಟು ಬಿತ್ತು ಇವತ್ತು ಮಾರ್ಕು?" ಎಂದು ಕೇಳುತ್ತಿದ್ದರು. "ಪಾಸ್ ಅಮ್ಮಾ," ಎಂದು ಅಂಕಲ್ ಕೂಗುತ್ತಿದ್ದರು. "ಪಾಸ್ ಸಾಲದು, ಫಸ್ಟ್ ಕ್ಲಾಸ್ ಬೇಕು. ಪುಣೆಗೆ ಹೋಗುವವಳು ನಾನು."

ಧಣಿಯ ಪ್ರಶ್ನೆಗೂ ಉತ್ತರ ಹುಡುಕಬೇಕಿತ್ತು. ಆ ಹೆಂಗಸಿನ ಮಾತುಗಳನ್ನು ಕೇಳಿದಂತೆ ಕನ್ನಡದಲ್ಲಿ ಬರೆದುಕೊಂಡು, ಯಾವಾಗ ಯಾವುದು ಬರುತ್ತದೆಂದು ಗುರುತು ಹಾಕಿದೆವು. ನಾಲ್ಕು ದಿನದಲ್ಲಿ 58 ಸಲ ಮಾತಾಡಿದಳು. ನಲವತ್ತೊಂದನೆಯ ಗುಂಡಿಯ ಪ್ರಶ್ನೆಯನ್ನು ಬಿಟ್ಟರೆ ವಾಕ್ಯಗಳು ಮೂರೇ. ಕೀಲಿ ತಿರುಗಿಸಿದಾಗ ಒಂದು, ನಕ್ಷೆಯ ಪುಟಕ್ಕೆ ಹೋದಾಗ ಒಂದು, ನಕ್ಷೆಯ ಮೇಲೆ ಬೆರಳಿಟ್ಟು ಜಾಗ ಹುಡುಕಿದಾಗ ಒಂದು. ಬ್ರೇಕು, ಎಣ್ಣೆ, ಬಾಗಿಲು, ಇವಕ್ಕೆಲ್ಲ ಸ್ಟಿಯರಿಂಗಿನ ಹಿಂದೆ ಚಿತ್ರವಿರುವ ಕೆಂಪು ದೀಪಗಳು ಬೇರೆಯೇ ಇದ್ದವು. ಹ್ಯಾಂಡ್ ಬ್ರೇಕ್ ಎಳೆದು, ಬಾಗಿಲು ತೆರೆದು ಪರೀಕ್ಷೆ ಮಾಡಿದೆವು. ದೀಪ ಹತ್ತಿತು, ಅವಳು ಬಾಯಿ ಬಿಡಲಿಲ್ಲ.

ಶನಿವಾರ ನಲವತ್ತಕ್ಕೆ ನಲವತ್ತು.

ಭಾನುವಾರ, 17ನೇ ತಾರೀಕು, ಬೆಳಿಗ್ಗೆ 6 ಗಂಟೆ 40 ನಿಮಿಷ. ಧಣಿ ಮುಂದೆ ಕೂತರು. ಅಜ್ಜಿ ಹಿಂದೆ ಕೂತು, ಹೈವೇವರೆಗೆ ಬಂದು ಇಳಿದುಕೊಳ್ಳೆಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಧಣಿ ಪರದೆಯನ್ನು ನೋಡಿದರು.

"ಇದೆಂತ? ಜಪಾನಿಯೇ ಉಂಟಲ್ಲ!"

"ಹೌದು ಧಣಿ. ಅದು ಬದಲಾಗುವುದಿಲ್ಲವಂತೆ. ಗ್ರಾಂಟ್ ರೋಡಿನಲ್ಲೂ ಕೇಳಿ ಬಂದೆವು."

"ಹಾಗಾದ್ರೆ ನಾನು ಎಂತ ಹೇಳಿದ್ದು ನಿನಗೆ?"

ಅಂಕಲ್ ಕೀಲಿ ತಿರುಗಿಸಿದರು. ಹೆಂಗಸು ಮಾತಾಡಿದಳು. ಈ ಸಲ ಅವರು ಆಯ್ತು ಅಕ್ಕ ಎನ್ನಲಿಲ್ಲ. "ಇದು ನಮಸ್ಕಾರದ್ದು ಧಣಿ, ಗಾಡಿಯ ದೋಷ ಅಲ್ಲ," ಎಂದು ಹುಳವಿದ್ದ ಮಂಟಪವನ್ನು ಒತ್ತಿ 24ಕ್ಕೆ ತಂದರು, ಹಿಂದಿನ ಸೀಟಿಗೆ ಗಾಳಿ ಕಡಿಮೆ ಮಾಡಿದರು, ರೇಡಿಯೋದಲ್ಲಿ ಬೆಳಗಿನ ಭಕ್ತಿಗೀತೆ ಹಿಡಿದರು. ಗಾಡಿ ಗೇಟು ದಾಟಿತು. ಆಮೇಲೆ ಕೆಂಪು ದೀಪಗಳ ವಿಷಯವನ್ನು ಒಂದೊಂದಾಗಿ ಹೇಳಿದರು. ಧಣಿ ಕೇಳಿಸಿಕೊಂಡರು, ಒಪ್ಪಿದಂತೆ ಕಾಣಲಿಲ್ಲ.

"ಬಾಯಿಪಾಠ ಮಾಡಿಕೊಂಡಿದ್ದಿ ನೀನು. ಬಿಡು, ನಾನು ನೋಡ್ತೇನೆ," ಎಂದು ಪರದೆಗೆ ಕೈ ಹಾಕಿದರು. ಒಂದು ಒತ್ತಿದರು, ನಕ್ಷೆ ಬಂತು. ಇನ್ನೊಂದು ಒತ್ತಿದರು, ಹೆಂಗಸು ಶುರು ಮಾಡಿದಳು. ಅವಳನ್ನು ನಿಲ್ಲಿಸಲು ಮತ್ತೆರಡು ಒತ್ತಿದರು. ರೇಡಿಯೋ ಕಿರುಚಿತು, ಬಿಸಿ ಗಾಳಿ ಬಂತು, ಅವಳು ಅದರ ಮೇಲೆಯೂ ಮಾತಾಡುತ್ತಲೇ ಇದ್ದಳು.

"ಇದನ್ನು ನಿಲ್ಲಿಸುವುದು ಹೇಗೆ ಮಾರಾಯ?"

"ಕತ್ತಿ ಧಣಿ, ಕತ್ತಿ."

"ಎಲ್ಲಿ ಕತ್ತಿ?"

ಅಂಕಲ್ ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿ ಮೂರು ಕಡೆ ಮುಟ್ಟಿದರು. ಎಲ್ಲ ನಿಂತಿತು. ತಣ್ಣನೆ ಗಾಳಿ ಮರಳಿ ಬಂತು.

ಹಿಂದಿನ ಸೀಟಿನಲ್ಲಿ ಅಜ್ಜಿ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. "ನೀನು ಬಿ.ಕಾಂ. ಓದಿದವ. ಕತ್ತಿ ಕಾಣ್ಲಿಲ್ವಾ ಮಗಾ?"

ಧಣಿ ಕೈ ಕಟ್ಟಿಕೊಂಡು ಎದುರಿಗೆ ನೋಡುತ್ತ ಕೂತರು. ಹೈವೇ ಹತ್ತುವ ಮೊದಲು ನಾನು ಇಳಿಯಬೇಕಿದ್ದ ಜಾಗ ಬಂತು. ಗಾಡಿ ನಿಂತಾಗ ಅವರು ಅಂಕಲ್ ಕಡೆ ತಿರುಗದೆಯೇ ಹೇಳಿದರು, "ಪುಣೆ ತಲುಪಿದ ಮೇಲೆ ನೆನಪು ಮಾಡು. ಆ ಏರ್‌ಪೋರ್ಟಿನವನಿಗೆ ಫೋನ್ ಮಾಡಿ ಬರುವುದು ಬೇಡ ಅಂತ ಹೇಳ್ಬೇಕು."

"ಆಯ್ತು ಧಣಿ."

7 ಗಂಟೆ 2 ನಿಮಿಷಕ್ಕೆ ಕಾರು ಪೂರ್ವಕ್ಕೆ ತಿರುಗಿತು. ಬಸ್‌ಸ್ಟಾಪಿನಲ್ಲಿ ನಿಂತು ಅದನ್ನು ಬರೆದುಕೊಂಡೆ.

ಇದಾಗಿ ಐದು ತಿಂಗಳಾಯಿತು. ಅಂಕಲ್ ಈಗಲೂ ಆ ಕಾರನ್ನು ಓಡಿಸುತ್ತಾರೆ. ಇಂಗ್ಲಿಷ್ ಓದಲು ಬಾರದೆಂಬುದನ್ನು ಆಮೇಲೆ ತಾವೇ ಧಣಿಗೆ ಹೇಳಿಕೊಂಡಿದ್ದಾರೆ. ಪರದೆಯನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವುದಿಲ್ಲ. ಧಣಿಗೆ ಹಾಡು ಬೇಕಾದರೂ ಅವರನ್ನೇ ಕೇಳಬೇಕು. ನನಗೆ ಉಳಿದಿರುವುದು ಆ ನಲವತ್ತೊಂದನೆಯ ಗುಂಡಿ. ಕಳೆದ ತಿಂಗಳು, ಒಮ್ಮೆ ಒತ್ತಿ, ಉತ್ತರಕ್ಕೆ ಕಾಯುವ ಎರಡು ಅಕ್ಷರಗಳಲ್ಲಿ "ನಿಂತವ"ನನ್ನು ಮುಟ್ಟಿ ನೋಡೋಣವೇ ಎಂದು ಕೇಳಿದೆ. ಅಂಕಲ್ ಅಂಗೈಯಿಂದ ಪರದೆಯನ್ನೇ ಮುಚ್ಚಿದರು. "ಬೇಡ ಮಾರಾಯ್ತಿ! ನೂರಕ್ಕೆ ಒಂದು ಪಾಲು ಉಳಿದಿದೆ ಅಂದಿದ್ದಾರಲ್ಲ ಗ್ರಾಂಟ್ ರೋಡಿನವರು. ಗಾಡಿಗೆ ಇಂಗ್ಲಿಷ್ ಬಂದುಬಿಟ್ರೆ ನನ್ನ ಗತಿ ಎಂತ?"

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಜಪಾನಿ ಬಲ್ಲವರಿದ್ದರೆ, ಅಥವಾ ಇಂಥ ಕಾರನ್ನು ಕಂಡವರಿದ್ದರೆ, ಕೊನೆಯ ಪುಟದ ಬಲಗಡೆ ಕೆಳಮೂಲೆಯ ಗುಂಡಿ ಏನು ಮಾಡುತ್ತದೆ, ಕೆಂಪು ತ್ರಿಕೋನದ ಜೊತೆಗೆ ಆ ಹೆಂಗಸು ಕೇಳುವ ಪ್ರಶ್ನೆ ಏನು ಎಂದು ಈ ಪತ್ರಿಕೆಯ ಮೂಲಕ ನನಗೆ ಬರೆದು ತಿಳಿಸಿ. ಅದು ಭಾಷೆಯ ಗುಂಡಿಯೇ ಆಗಿದ್ದರೆ ಮಾತ್ರ ದಯವಿಟ್ಟು ಮುಚ್ಚಿದ ಲಕೋಟೆಯಲ್ಲಿ ಬರೆಯಿರಿ, ಪತ್ರಿಕೆಯಲ್ಲಿ ಅಚ್ಚಾಗುವುದು ಬೇಡ. ಧಣಿಯೂ ಇದನ್ನು ಓದುತ್ತಾರೆ.